ಮಾವನ ಯಂತ್ರಕ್ಕೆ ಅಳಿಯನ ಸರ್ವಿಸು

“ಈ ಯಂತ್ರವನ್ನು ನಾನೇ ಸರ್ವಿಸ್ ಮಾಡ್ತೀನಿ! ಮೆಕ್ಯಾನಿಕ್ಕೂ ಬೇಡ, ಗಿಕ್ಯಾನಿಕ್ಕೂ ಬೇಡ!”

ಶನಿವಾರ ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಹಲ್ಲುಜ್ಜುತ್ತಿದ್ದಳು. ಬಾಯಿತುಂಬ ನೊರೆ ಇದ್ದದ್ದರಿಂದ ತಕ್ಷಣಕ್ಕೆ ವಿರೋಧ ಬರಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಯಂತ್ರ ನನ್ನ ಮಾವನದು. ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಪೆಟ್ರೋಲಿನಲ್ಲಿ ಓಡುವ, ಹುಲ್ಲು ಕತ್ತರಿಸುವ ಯಂತ್ರ. ಇಪ್ಪತ್ತು ವರ್ಷ ಅದನ್ನು ಶಾಲೆಯ ಮೈದಾನದಲ್ಲಿ ತಳ್ಳಿ ತಳ್ಳಿಯೇ ಅವರು ಮಗಳನ್ನು ಓದಿಸಿದ್ದು. ಈಗ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದರು. ಯಂತ್ರವೂ ನಮ್ಮ ಶೆಡ್ಡಿನಲ್ಲಿ ಮಲಗಿತ್ತು. ಸೋಮವಾರ ಮೈದಾನದ ಹುಲ್ಲು ಕತ್ತರಿಸದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಯಾಗಿತ್ತು. ಭಾನುವಾರ ಬೆಳಿಗ್ಗೆ ಮಾವ ಯಂತ್ರ ಒಯ್ಯಲು ಬರುವವರಿದ್ದರು.

ಹೆಂಡತಿ ಬಾಯಿ ಮುಕ್ಕಳಿಸಿ ಬಂದಳು. “ರೀ, ಅದು ಅಪ್ಪನ ಅನ್ನ. ಅದರ ಜೊತೆ ಆಟ ಆಡಬೇಡಿ. ನೀವು ರಿಪೇರಿ ಮಾಡಿದ ಗೋಡೆ ಗಡಿಯಾರ ಇನ್ನೂ ಹಿಂದಕ್ಕೆ ಓಡ್ತಿದೆ.”

“ಓಡ್ತಿದೆ ತಾನೇ? ಮೊದಲು ನಿಂತೇ ಹೋಗಿತ್ತು!”

ಕಚೇರಿಯಲ್ಲಿ ಸ್ಟೇಪ್ಲರಿಗೆ ಪಿನ್ನು ತುಂಬುವುದೇ ನನ್ನ ಈವರೆಗಿನ ಯಾಂತ್ರಿಕ ಸಾಧನೆ. ಆದರೂ ಸ್ಪ್ಯಾನರ್ ಹಿಡಿದು ಅಂಗಳಕ್ಕೆ ಇಳಿದೆ. ಅವಳು ಮೆಟ್ಟಿಲ ಮೇಲೆ ಕೂತು ಯಂತ್ರದ ಕೈಪಿಡಿ ಓದತೊಡಗಿದಳು.

“ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಬೇಕಂತೆ. ಇಲ್ಲದಿದ್ರೆ ಕೈ ತಾಗಿದಾಗ ಬ್ಲೇಡ್ ತಿರುಗಿಬಿಡಬಹುದಂತೆ.”

“ಅದೆಲ್ಲ ಹೆದರುಪುಕ್ಕಲರಿಗೆ!”

“ಕೀಳ್ತೀರೋ, ನಾನೇ ಬಂದು ಕೀಳಲೋ?”

ಕಿತ್ತೆ. ಆಮೇಲೆ ನೋಡಿ ನನ್ನ ಕೈಚಳಕ! ಯಂತ್ರವನ್ನು ವಾಲಿಸಿ, ಅಡಿಯಲ್ಲಿ ಮೆತ್ತಿ ಗಟ್ಟಿಯಾಗಿದ್ದ ಹುಲ್ಲನ್ನು ಕೆರೆದು ಒಂದು ಬಕೆಟ್ ತೆಗೆದೆ. ಬ್ಲೇಡಿಗೆ ಅರ ಹಾಕಿ ಉಜ್ಜಿದೆ. ಹಳೆಯ ಆಯಿಲ್ ಬಸಿದು ಹೊಸದು ಸುರಿದೆ. ಗಾಳಿ ಸೋಸುವ ಫಿಲ್ಟರ್ ಅಂದರೆ ಅಂಗೈಯಗಲದ ಒಂದು ಕರೀ ಸ್ಪಂಜು. ಅದನ್ನು ಸೋಪು ಹಾಕಿ ಹಿಂಡಿ ಹಿಂಡಿ ತೊಳೆದು, ಅಡುಗೆಮನೆಯ ಸಿಂಕಿನ ಪಕ್ಕದ ಕಿಟಕಿಯಲ್ಲಿ ಒಣಗಲು ಇಟ್ಟೆ. ಊಟ ಮಾಡಿ, ಶ್ರಮಜೀವಿಗೆ ತಕ್ಕ ನಿದ್ದೆಯನ್ನೂ ಮಾಡಿದೆ.

ಸಂಜೆ ನೋಡಿದರೆ ಸ್ಪಂಜು ಇನ್ನೂ ಒದ್ದೆ. ಯಂತ್ರದ ಬಿಸಿಗೆ ತಾನೇ ಒಣಗುತ್ತದೆ ಎಂದು ಕೂರಿಸಿ, ಮುಚ್ಚಳ ಹಾಕಿ, ವೈರ್ ಸಿಕ್ಕಿಸಿ, ಹಗ್ಗ ಎಳೆದೆ.

ಬುಸ್.

ಮತ್ತೆ ಎಳೆದೆ. ಬುಸ್! ಮೂವತ್ತು ಸಲ ಎಳೆಯುವಷ್ಟರಲ್ಲಿ ನನ್ನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದವಾಗಿತ್ತು. ಆಗ ಮುಚ್ಚಳದ ಸಂದಿಯಿಂದ ಸೋಪಿನ ಗುಳ್ಳೆಯೊಂದು ಮೆಲ್ಲಗೆ ಹೊರಟು ನನ್ನ ಮೂಗಿನ ಮುಂದೆಯೇ ಒಡೆಯಿತು.

“ಏನ್ರೀ, ಯಂತ್ರ ಸ್ನಾನ ಮಾಡ್ತಿದೆಯಾ?” ಎಂದಳು ಹೆಂಡತಿ. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಮಾವನ ಕೆಲಸವನ್ನು ನನ್ನ ಕೈಯಾರೆ ಕಳೆದೆನಲ್ಲ!

ಭಾನುವಾರ ಬೆಳಿಗ್ಗೆ ಕೋಲೂರಿಕೊಂಡು ಮಾವ ಬಂದರು. ಹೇಗೆ ಬಾಯಿಬಿಡಲಿ ಎಂದು ನಾನು ತಡವರಿಸುತ್ತಿದ್ದಾಗ ಹೆಂಡತಿ ಚಹಾ ತಂದಿಟ್ಟಳು. ಮಾವ ಒಂದು ಗುಟುಕು ಕುಡಿದರು. ನಿಲ್ಲಿಸಿದರು. ಲೋಟವನ್ನು ಮೂಗಿನ ಹತ್ತಿರ ಹಿಡಿದರು.

“ಮಗಳೇ, ಈ ಲೋಟ ಯಾವುದರಲ್ಲಿ ತೊಳೆದೆ?”

“ಕಿಟಕಿಯಲ್ಲಿದ್ದ ಸ್ಪಂಜಿನಲ್ಲಿ ಅಪ್ಪಾ. ಯಾಕೆ?”

“ಚಹಾಕ್ಕೆ ಆಯಿಲ್ ಸ್ವಲ್ಪ ಜಾಸ್ತಿ ಆಗಿದೆ.”

ನಮ್ಮ ಮೂಗಿಗೆ ಹತ್ತದ ವಾಸನೆ ಇಪ್ಪತ್ತು ವರ್ಷ ಪಳಗಿದ ಮೂಗಿಗೆ ಹತ್ತಿತ್ತು! ಅವರು ಕುಂಟುತ್ತ ಅಂಗಳಕ್ಕೆ ಹೋಗಿ, ಮುಚ್ಚಳ ತೆಗೆದು, ಎರಡು ಬೆರಳಲ್ಲಿ ಸ್ಪಂಜನ್ನು ಎತ್ತಿ ತೋರಿಸಿದರು. ಬಾಣಲೆ ಉಜ್ಜಿ ಉಜ್ಜಿ ಕಪ್ಪಾಗಿದ್ದ ನಮ್ಮ ಪಾತ್ರೆಯ ಸ್ಪಂಜು! ಅದರ ಮೂಲೆಯಲ್ಲಿ ಚಹಾಪುಡಿಯೂ ಅಂಟಿಕೊಂಡಿತ್ತು. ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಮಾವ ಒಳಗಿನ ಸೋಪಿನ ನೀರೆಲ್ಲ ಒರೆಸಿದರು. ನಿಜವಾದ ಫಿಲ್ಟರನ್ನು ಅಡುಗೆಮನೆಯಿಂದ ತರಿಸಿ, ತೊಳೆದು, ಪೂರ್ತಿ ಒಣಗುವವರೆಗೆ ಬಿಸಿಲಲ್ಲಿಟ್ಟು ಕಾದರು. ಕೂರಿಸಿದರು. ಒಂದೇ ಸಲ ಹಗ್ಗ ಎಳೆದರು. ಗರ್ರ್ರ್! ನನಗೆ ಹೋದ ಜೀವ ಬಂದಂತಾಯಿತು.

“ಕ್ಷಮಿಸಿ ಮಾವ. ನನ್ನಿಂದ ನಿಮ್ಮ ಕೆಲಸವೇ ಹೋಗ್ತಿತ್ತು.”

ಅವರು ಯಂತ್ರ ನಿಲ್ಲಿಸಿದರು. “ಬ್ಲೇಡಿಗೆ ಕೈ ಹಾಕೋಕೆ ಮುಂಚೆ ಪ್ಲಗ್ಗಿನ ವೈರ್ ತೆಗೆದಿದ್ರಾ ಅಳಿಯಂದಿರೇ?”

“ನಿಮ್ಮ ಮಗಳು ತೆಗೆಸಿದಳು.”

“ಹಾಗಾದ್ರೆ ಸರಿ ಬಿಡಿ. ಯಂತ್ರ ಕೆಟ್ರೆ ನಾನು ರಿಪೇರಿ ಮಾಡ್ತೀನಿ. ಅಳಿಯನ ಬೆರಳಿಗೆ ಸ್ಪೇರ್ ಎಲ್ಲಿಂದ ತರಲಿ?”

ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಇಂಥ ಮಾವನನ್ನು, ಅಂಥ ಮಗಳನ್ನು ಪಡೆಯಲು ನಾನು ಮಾಡಿದ್ದೇನು ಎಂದು ಇವತ್ತಿಗೂ ತಿಳಿದಿಲ್ಲ.

ಸೋಮವಾರ ಸಂಜೆ ಹೆಂಡತಿ ಅಪ್ಪನ ಜೊತೆ ಮಾತಾಡಿ ಫೋನ್ ಇಟ್ಟು ಓಡಿ ಬಂದಳು. “ಮೈದಾನ ಪೂರ್ತಿ ಮುಗೀತಂತೆ! ಬ್ಲೇಡ್ ಇಷ್ಟು ಹರಿತ ಯಾವತ್ತೂ ಇರಲಿಲ್ಲವಂತೆ. ಮುಂದೆಯೂ ನೀವೇ ಬನ್ನಿ ಅಂತ ಅಪ್ಪನಿಗೆ ಅಂದ್ರಂತೆ ಶಾಲೆಯವರು!”

ನನ್ನ ಎದೆ ಉಬ್ಬಿತು. “ಹಾಗಾದ್ರೆ ಇನ್ಮೇಲೆ ಮಾವ ಸರ್ವಿಸ್ ಎಲ್ಲ ನನಗೇ ಕೊಡ್ತಾರಾ?”

“ಕೊಡ್ತಾರಂತೆ. ಆದ್ರೆ ಮೊದಲು ಎರಡು ತಿಂಗಳು ತರಬೇತಿ.”

“ಎಲ್ಲಿ?”

ಅವಳು ಸಿಂಕಿನ ಕಡೆ ಕೈ ತೋರಿಸಿದಳು. “ಯಾವ ಸ್ಪಂಜು ಎಲ್ಲಿಯದು ಅಂತ ಮೊದಲು ಕಲೀಲಿ ಅಂದ್ರು ಅಪ್ಪ.”

ಹತ್ತು ಬೆರಳೂ ನೆಟ್ಟಗಿವೆಯಲ್ಲ, ಪಾತ್ರೆ ತೊಳೆಯುತ್ತಿದ್ದೇನೆ!