ವೇಲ್ಸಿಗೆ ಹೊರಟ ಸವಾರ

ಸುಳ್ಳು ಹೇಳುವುದಕ್ಕೆ ದೊಡ್ಡ ಓದೇನೂ ಬೇಕಾಗಿಲ್ಲ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ಅಷ್ಟರಲ್ಲೇ ಐವತ್ತು ವರ್ಷ ಧಾರಾಳವಾಗಿ ನಿಭಾಯಿಸಿದ್ದೇನೆ. ಓದು ಬೇಕಾಗುವುದು ಯಾರಿಗೆ ಯಾವ ಸುಳ್ಳು ಹೇಳಿದ್ದೆವು ಎಂದು ನೆನಪಿಟ್ಟುಕೊಳ್ಳುವುದಕ್ಕೆ. ಆ ಕಷ್ಟವೂ ನನಗಿರಲಿಲ್ಲ, ಏಕೆಂದರೆ ನಾನು ಜೀವನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ, ಅದನ್ನೇ ಎಲ್ಲರಿಗೂ ಹೇಳಿದ್ದೆ. ನನಗೆ ಸೈಕಲ್ ಹೊಡೆಯಲು ಬರುತ್ತದೆ ಎಂಬುದೇ ಆ ಸುಳ್ಳು. ಬರುವುದಿಲ್ಲ. ಎಪ್ಪತ್ತೊಂದು ತುಂಬಿದ ಮೇಲೆ ಹೀಗೆ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಕಲಿಯಲು ನೋಡಿದ್ದುಂಟು. ಮೈಸೂರಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಗೆಳೆಯನಿಗೆ ಹಿಂದಿನಿಂದ ಸೀಟು ಹಿಡಿದುಕೊಳ್ಳಲು ಹೇಳಿದೆ. ಹಿಡಿದುಕೊಂಡಿದ್ದೇನೆ, ಹಿಡಿದುಕೊಂಡಿದ್ದೇನೆ ಎಂದು ಅವನು ಕೂಗುತ್ತಲೇ ಇದ್ದ. ಧ್ವನಿ ಯಾಕೋ ದೂರದಿಂದ ಬರುತ್ತಿದೆಯಲ್ಲ ಎಂದು ತಿರುಗಿ ನೋಡಿದೆ. ಆಮೇಲೆ ಕಣ್ಣು ಬಿಟ್ಟಾಗ ಯಾರೋ ಮನೆ ಕಟ್ಟಿಸಲು ಸುಣ್ಣ ನೆನೆಹಾಕಿದ್ದ ಗುಂಡಿಯಲ್ಲಿದ್ದೆ. ಬಿಳಿಯ ಬಣ್ಣದಲ್ಲಿ ಮನೆಗೆ ಬಂದ ನನ್ನನ್ನು ನೋಡಿ ನಮ್ಮ ಅಜ್ಜಿ ದೇವರ ಕೋಣೆಗೆ ಓಡಿದಳು. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು. ದುರದೃಷ್ಟಕ್ಕೆ ನಾನು ಕೆಲಸಕ್ಕೆ ಸೇರಿದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಮೊದಲ ದಿನವೇ ಹೊಸ ಸೈಕಲ್ಲೊಂದನ್ನು ಕೊಟ್ಟು, "ಸಾಮಾನು ತಲುಪಿಸೋಕೆ ಇಟ್ಕೋಪ್ಪ" ಅಂದರು. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ಎರಡೂ ಕಡೆ ಬಣ್ಣದ ಡಬ್ಬ ನೇತುಹಾಕಿಕೊಂಡು ತಳ್ಳಿಕೊಂಡೇ ಹೋದೆ. ಭಾರ ಇದ್ದಾಗ ಯಾರೂ ಕೇಳುತ್ತಿರಲಿಲ್ಲ. ಖಾಲಿ ಸೈಕಲ್ ತಳ್ಳುವಾಗ ಕೇಳಿದರೆ "ಪಂಕ್ಚರ್" ಅನ್ನುತ್ತಿದ್ದೆ. ಹೀಗೆ ಮೂವತ್ತು ವರ್ಷ. ಇಡೀ ಮೈಸೂರಿನಲ್ಲಿ ನನ್ನಷ್ಟು ಪಂಕ್ಚರ್ ಕಂಡ ಮನುಷ್ಯ ಇನ್ನೊಬ್ಬನಿರಲಿಲ್ಲ.

ಈ ಹಳೆಯ ಸಂಗತಿ ಈಗೇಕೆ ಎಂದರೆ, ನಾನೂ ನನ್ನ ಹೆಂಡತಿ ವಿಶಾಲಾಕ್ಷಿಯೂ ಈಗ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಅಳಿಯ ಗಿರೀಶ ಹತ್ತಿರದ ಇಪ್ಸ್‌ವಿಚ್‌ನಲ್ಲಿ ಡಾಕ್ಟರು. ಮೂರು ವರ್ಷದಿಂದ ಒಂದು ವಾರವೂ ರಜೆ ತೆಗೆದುಕೊಂಡವನಲ್ಲ. ಊಟದ ತಟ್ಟೆಯ ಮುಂದೆ ಕೂತು ಕೈ ತೊಳೆದು ಎದ್ದುಬಿಡುತ್ತಾನೆ, ಊಟ ಮಾಡಿದನೋ ಇಲ್ಲವೋ ಅವನಿಗೂ ಗೊತ್ತಿರುವುದಿಲ್ಲ. ಕೊನೆಗೆ ಮಗಳು ಮಾಲಿನಿ ಜಗಳವಾಡಿ ಮುಂದಿನ ಜೂನ್‌ನಲ್ಲಿ ರಜೆ ಹಾಕಿಸಿದಳು. ಅವನ ಮೆಡಿಕಲ್ ಕಾಲೇಜಿನ ಗೆಳೆಯನೊಬ್ಬ ವೇಲ್ಸಿನಲ್ಲಿದ್ದಾನೆ. "ಬಾರೋ, ಹಳ್ಳಿ ರಸ್ತೆಗಳಲ್ಲಿ ಒಂದು ವಾರ ಆರಾಮಾಗಿ ಸೈಕಲ್ ಹೊಡಿ" ಎಂದು ಕರೆದಿದ್ದ. ಮಾಲಿನಿಗೆ ಆಗ ರಜೆಯಿಲ್ಲ. ಗಂಡನನ್ನು ಒಂಟಿಯಾಗಿ ಕಳಿಸಲು ಅವಳಿಗೆ ಇಷ್ಟವಿಲ್ಲ. "ಒಬ್ರೇ ಹೋದ್ರೆ ಅಲ್ಲಿ ಮರದ ಕೆಳಗೆ ಕೂತ್ಕೊಂಡು ಇಪ್ಸ್‌ವಿಚ್ ಪೇಷಂಟ್‌ಗಳ ರಿಪೋರ್ಟ್ ನೋಡ್ತಾರೆ. ಜೊತೆಗೆ ಯಾರಾದ್ರೂ ಬರೋದಾದ್ರೆ ಸರಿ, ಇಲ್ದಿದ್ರೆ ಕ್ಯಾನ್ಸಲ್" ಅಂದಳು.

ಆಗ ಗಿರೀಶ ನನ್ನ ಕಡೆ ತಿರುಗಿದ. ಯಾವುದೋ ಭಾನುವಾರ ಪಾರ್ಕಿನಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿಕೊಂಡು ನಾಲ್ಕು ಕನ್ನಡದ ಮನೆಯವರು ಸೇರಿದ್ದಾಗ ನಾನು, ಮೈಸೂರಿನಿಂದ ನಂಜನಗೂಡಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುತ್ತಿದ್ದೆ, ಅದೂ ಎದುರು ಗಾಳಿಯಲ್ಲಿ, ಎಂದಿದ್ದೆನಂತೆ. ಹೋಗುವಾಗಲೂ ಬರುವಾಗಲೂ ಗಾಳಿ ಹೇಗೆ ಎದುರಾಯಿತು ಎಂದು ಅವತ್ತು ಯಾರೂ ಕೇಳಲಿಲ್ಲ. ಡಾಕ್ಟರುಗಳು ಇಂಥದ್ದನ್ನೆಲ್ಲ ನಂಬಿಬಿಡುತ್ತಾರೆ.

"ಮಾವ, ನೀವು ಬರ್ತೀರಾ?" ಎಂದ. ಆ ಮುಖದಲ್ಲಿ ನಾನು ನೋಡಿಯೇ ಇರದ ಒಂದು ಆಸೆ ಇತ್ತು. "ಬರ್ದೇ ಏನು" ಅಂದುಬಿಟ್ಟೆ. ಹೂವಿನ ಹಾಗೆ ಇಡ್ಲಿ ಬಡಿಸುತ್ತಿದ್ದ ವಿಶಾಲಾಕ್ಷಿ ನನ್ನ ತಟ್ಟೆಗೆ ಮಾತ್ರ ಎರಡನ್ನು ದೊಪ್ಪನೆ ಹಾಕಿದಳು.

ಆಮೇಲೆ ಶುರುವಾಯಿತು ಯೋಜನೆ. ಊಟದ ಮೇಜಿನ ಮೇಲೆ ವೇಲ್ಸಿನ ನಕ್ಷೆ ಹರಡಿದ. ನನಗೆ ಅದರಲ್ಲಿ ಒಂದೂ ಅರ್ಥವಾಗಲಿಲ್ಲ. ಊರಿನ ಹೆಸರುಗಳನ್ನು ಓದಲು ಹೊರಟರೆ ನಾಲಿಗೆ ಮಧ್ಯದಲ್ಲಿ ಕೂತುಬಿಡುತ್ತಿತ್ತು. ಬೆರಳಚ್ಚಿನ ಗುರುತಿನ ಹಾಗೆ ಸುತ್ತು ಸುತ್ತು ಗೆರೆಗಳಿದ್ದವು. ಯಾರೋ ಚಟ್ನಿ ಕೈಯಲ್ಲಿ ಮುಟ್ಟಿರಬೇಕು ಎಂದುಕೊಂಡೆ, ಅವು ಬೆಟ್ಟಗಳಂತೆ. ಬೆಟ್ಟ ಇರುವ ಕಡೆ ಆರಾಮ ಹೇಗೆ ಎಂಬುದು ನನಗೆ ಇವತ್ತಿಗೂ ಗೊಂದಲವೇ. ಗಿರೀಶ ಗೇರು, ಗೇರಿನ ಹಲ್ಲು ಎಂದೆಲ್ಲ ಕೇಳುತ್ತಿದ್ದ. ನಾನು ಕಣ್ಣು ಮುಚ್ಚಿ, "ಅದೆಲ್ಲ ರಸ್ತೆ ನೋಡಿ ಹೇಳ್ಬೇಕಪ್ಪ" ಅನ್ನುತ್ತಿದ್ದೆ. ಅವನು ಗೌರವದಿಂದ ತಲೆಯಾಡಿಸುತ್ತಿದ್ದ. ದಿನಕ್ಕೆ ಎಷ್ಟು ದೂರ ಎಂದಾಗ, "ಅವಸರ ಬೇಡ. ನಡ್ಕೊಂಡು ಹೋದ್ರೆ ಎಷ್ಟಾಗುತ್ತೋ ಅಷ್ಟು ಇಟ್ಕೊ" ಅಂದೆ. "ಎಕ್ಸ್‌ಪೀರಿಯೆನ್ಸ್ ಅಂದ್ರೆ ಇದು" ಎಂದು ಮಾಲಿನಿಗೆ ಹೇಳಿದನಂತೆ. ಸೈಕಲ್ ಬಾಡಿಗೆ ಕೊಡುವ ಅಲ್ಲಿನ ಅಂಗಡಿಯವರು ಒಂದು ಫಾರಂ ಕಳಿಸಿದ್ದರು. ನನ್ನ ಹೆಸರಿನ ಮುಂದೆ ಅನುಭವ ಮೂವತ್ತು ವರ್ಷ ಎಂದು ಅವನೇ ತುಂಬಿದ. ವಿಶಾಲಾಕ್ಷಿಯೂ ನಮ್ಮ ಜೊತೆ ಹೊರಡುವುದೆಂದಾಗಿತ್ತು, ಅವಳ ಹೆಸರಿನ ಮುಂದೆ ಏನು ಬರೆಯಲಿ ಎಂದ. "ಅವಳು ಗೆಳೆಯನ ಮನೇಲಿ ಕೂತಿರ್ತಾಳೆ. ಸವಾರಿ ಬರಲ್ಲ ಅಂತ ಬರಿ" ಅಂದೆ. ಅವಳು ಅಡುಗೆಮನೆಯಲ್ಲಿ ಕೊತ್ತಂಬರಿ ಸೋಸುತ್ತಿದ್ದಳು.

ದಿನ ಕಳೆದಂತೆ ನನ್ನ ತಲೆ ಕಲಸಿಹೋಯಿತು. ನಿಜ ಹೇಳಿದರೆ ಅವನ ರಜೆ ಹೋಗುತ್ತದೆ. ಹೇಳದಿದ್ದರೆ ವೇಲ್ಸಿನಲ್ಲಿ ನಾನೇ ಹೋಗುತ್ತೇನೆ. ಮೊದಲು ಪ್ರ್ಯಾಕ್ಟೀಸ್ ಮಾಡೋಣ ಎಂದು ಅವನು ಕರೆದಾಗಲೆಲ್ಲ ಮ್ಯಾಗ್‌ಪೈ ಹಕ್ಕಿಯ ನೆಪ ಹೇಳಿದೆ. ಇಲ್ಲಿ ಸೆಪ್ಟೆಂಬರಿನಲ್ಲಿ ವಸಂತ ಬಂತೆಂದರೆ ಈ ಕಪ್ಪುಬಿಳುಪು ಹಕ್ಕಿ ಮರಿಗಳ ಕಾವಲಿಗೆ ನಿಂತು ಸೈಕಲ್ಲಿನವರ ತಲೆಗೇ ಎರಗುತ್ತದೆ. ನಾನು ಆ ಹಕ್ಕಿಗೆ ದಿನಾ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆದರೆ ಗಿರೀಶ ನನ್ನ ಹೆಲ್ಮೆಟ್ಟಿಗೆ ಸುತ್ತಲೂ ಉದ್ದುದ್ದ ಪ್ಲಾಸ್ಟಿಕ್ ಕಡ್ಡಿ ಕಟ್ಟಿಬಿಟ್ಟ. ಇಲ್ಲಿನವರು ಹಾಗೆ ಮಾಡುತ್ತಾರೆ, ಹಕ್ಕಿ ಹತ್ತಿರ ಬರುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಮುಳ್ಳುಹಂದಿಯೊಂದು ಕನ್ನಡಕ ಹಾಕಿಕೊಂಡಿತ್ತು.

ಒಂದು ಶನಿವಾರ ಬೆಳಿಗ್ಗೆ ಎಲ್ಲರೂ ಕೆರೆಯ ದಂಡೆಗೆ ಹೋದೆವು. ಗಿರೀಶ ಪಕ್ಕದ ಮನೆಯವರಿಂದ ಎರಡು ಸೈಕಲ್ ತಂದಿದ್ದ. ಮೊಮ್ಮಗಳು ಅನ್ವಿ ಫೋನ್ ಹಿಡಿದು ವಿಡಿಯೊಗೆ ನಿಂತಿದ್ದಳು. "ಗೋ ತಾತ, ಗೋ!" ಎಂದಳು. ನಾನು ಹ್ಯಾಂಡಲ್ ಹಿಡಿದೆ. ನನ್ನ ಕೈಗೆ ಹ್ಯಾಂಡಲ್ ಹೊಸದಲ್ಲ. ಹತ್ತು ಹೆಜ್ಜೆ ತಳ್ಳಿದೆ. ಬಹಳ ಚೆನ್ನಾಗಿ ತಳ್ಳಿದೆ. ಇನ್ನೂ ಹತ್ತು ಹೆಜ್ಜೆ ತಳ್ಳಿದೆ.

"ಮಾವ, ಹತ್ತಿ" ಎಂದ ಗಿರೀಶ.

ನನ್ನ ಬಾಯಿ ಅಭ್ಯಾಸಬಲದಿಂದ ತಾನೇ ತೆರೆಯಿತು. "ಪಂಕ್ಚರ್" ಅಂದೆ.

ಗಿರೀಶ ಬಗ್ಗಿ ಎರಡೂ ಚಕ್ರ ಒತ್ತಿ ನೋಡಿದ. "ಕಲ್ಲಿನ ಹಾಗಿದೆಯಲ್ಲ ಮಾವ" ಎಂದ. ಅನ್ವಿ, "ತಾತ, ಇಟ್ಸ್ ಟೋಟಲಿ ಫೈನ್" ಎಂದಳು. ನಾನು ಆಕಾಶ ನೋಡಿದೆ. ಒಂದು ಮ್ಯಾಗ್‌ಪೈಯೂ ಇರಲಿಲ್ಲ.

ಇಲ್ಲಿಯವರೆಗೆ ಓದಿದ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಸುಳ್ಳಿಗಿಂತ ಅದೇ ದೊಡ್ಡ ತಪ್ಪು. ವಿಶಾಲಾಕ್ಷಿ ಹುಣಸೂರಿನ ಹತ್ತಿರದ ಹಳ್ಳಿಯವಳು. ಹೈಸ್ಕೂಲಿಗೆ ದಿನಾ ಮೂರು ಮೈಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದವಳು. ಮದುವೆಯಾದಾಗ ಅವಳ ತಂದೆ ಆ ಲೇಡೀಸ್ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ ಅಂದರು. ನಾನು, "ನಮ್ಮ ಮನೇಲಿ ಹೆಂಗಸರು ಸೈಕಲ್ ಹೊಡೆಯೋ ಪದ್ಧತಿ ಇಲ್ಲ" ಅಂದೆ. ನಮ್ಮ ಮನೆಯಲ್ಲಿ ಅಂಥ ಪದ್ಧತಿ ಯಾವುದೂ ಇರಲಿಲ್ಲ. ನಾನು ತಳ್ಳಿಕೊಂಡು ಹೋಗುವ ಬೀದಿಯಲ್ಲಿ ಅವಳು ಬೆಲ್ ಬಾರಿಸುತ್ತ ಮುಂದೆ ಹೋದರೆ ಏನು ಗತಿ ಎಂಬ ಹೆದರಿಕೆ, ಅಷ್ಟೇ. ಮಕ್ಕಳ ಮುಂದೆಯೂ ಆ ಮಾತು ಬಾರದಂತೆ ನೋಡಿಕೊಂಡೆ. ಅವಳೂ ಎತ್ತಲಿಲ್ಲ.

ವಿಶಾಲಾಕ್ಷಿ ನನ್ನ ಹತ್ತಿರ ಬಂದಳು. "ಸರೀರಿ ಆ ಕಡೆ" ಅಂದಳು. ನನ್ನ ತಲೆಯಿಂದ ಮುಳ್ಳುಹಂದಿಯನ್ನು ಬಿಚ್ಚಿ ತಾನು ಹಾಕಿಕೊಂಡಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. ಒಂದು ಕಾಲು ಪೆಡಲ್ ಮೇಲಿಟ್ಟು ಎರಡು ಸಲ ನೆಲ ಒದ್ದು ಕೂತುಬಿಟ್ಟಳು. ಮೊದಲು ಸ್ವಲ್ಪ ವಾಲಾಡಿತು. ಮಾಲಿನಿ "ಅಮ್ಮಾ!" ಎಂದು ಕಿರುಚಿದಳು. ಆಮೇಲೆ ವಾಲಾಟ ನಿಂತಿತು. ಕೆರೆಯ ದಂಡೆಯಲ್ಲಿ ಅವಳು ಚಿಕ್ಕದಾಗುತ್ತ ಹೋಗಿ, ತಿರುವಿನಲ್ಲಿ ಬೆಲ್ ಬಾರಿಸಿ, ಆಚೆ ದಡದಲ್ಲಿ ಕಾಣಿಸಿಕೊಂಡಳು. "ಅಜ್ಜಿ ಈಸ್ ಸೋ ಫಾಸ್ಟ್! ತಾತ, ಯು ನೆವರ್ ಟೋಲ್ಡ್ ಅಸ್" ಎಂದಳು ಅನ್ವಿ. ಹೇಳಲಿಲ್ಲ ನಿಜ.

ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಸುಣ್ಣದ ಗುಂಡಿ, ಬಣ್ಣದ ಡಬ್ಬ, ನಂಜನಗೂಡಿನ ಗಾಳಿ, ಬಸ್ಸಿನ ಮೇಲೆ ಬಾರದ ಲೇಡೀಸ್ ಸೈಕಲ್. ಗಿರೀಶ ನಗಬಾರದೆಂದು ಬಹಳ ಕಷ್ಟಪಟ್ಟ, ಆಗಲಿಲ್ಲ. ಮೂರು ವರ್ಷದಲ್ಲಿ ಅವನು ಅಷ್ಟು ನಕ್ಕಿದ್ದನ್ನು ನೋಡಿಲ್ಲ ಎಂದು ಮಾಲಿನಿ ಹೇಳಿದಳು. ಆದರೆ ಅವಳು ನಗಲಿಲ್ಲ. "ಅಪ್ಪಾ, ಅಮ್ಮನ ಸೈಕಲ್ ಏನಾಯ್ತು?" ಎಂದಳು. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ.

"ತಂಗಿ ಓಡಿಸಿದ್ಳು, ಆಮೇಲೆ ಅವಳ ಮಗಳು" ಎಂದು ಬಂದು ನಿಂತ ವಿಶಾಲಾಕ್ಷಿಯೇ ಉತ್ತರ ಹೇಳಿದಳು. ಮುಖ ಕೆಂಪಾಗಿ ಹೊಳೆಯುತ್ತಿತ್ತು.

"ನನಗೆ ಬರಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮದುವೆಯಾದ ವಾರ. ನಿಮ್ಮ ಸೈಕಲ್ ಒರೆಸೋಣ ಅಂತ ಹೋದೆ. ಐದು ವರ್ಷದ ಸೈಕಲ್ಲು, ಸೀಟಿನ ಮೇಲೆ ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು."

"ಮತ್ತೆ ಹೇಳ್ಬಾರ್ದಿತ್ತೇನೆ?"

"ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಇಷ್ಟು ಹೊತ್ತಾಗುತ್ತೆ ಅಂದ್ಕೊಂಡಿರ್ಲಿಲ್ಲ."

ಅವಳು ಬೈದಿದ್ದರೆ ಸುಲಭವಾಗಿರುತ್ತಿತ್ತು. ಹೆಲ್ಮೆಟ್ಟನ್ನು ನನ್ನ ತೊಡೆಯ ಮೇಲಿಟ್ಟು, "ಇನ್ನೊಂದು ಸುತ್ತು ಹೋಗಿ ಬರ್ಲಾ ಗಿರೀಶ?" ಎಂದು ಅಳಿಯನನ್ನು ಕೇಳಿದಳು. ಮತ್ತೆ ನೆನಪಾಗಿ ಹೆಲ್ಮೆಟ್ಟನ್ನು ವಾಪಸು ತೆಗೆದುಕೊಂಡಳು. "ನಾನೂ ಬರ್ತೀನಿ ಅತ್ತೆ" ಎಂದು ಗಿರೀಶ ಹೊರಟ. ಅವನ ಫೋನು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಗುಂಯ್‌ಗುಡುತ್ತಲೇ ಇತ್ತು.

ಫಾರಂ ಹೊಸದಾಗಿ ತುಂಬಬೇಕಾಯಿತು. ಈ ಸಲ ನಾನೇ ಕೂತು ಹೇಳಿದೆ, ಅನ್ವಿ ಒತ್ತಿದಳು. ವಿಶಾಲಾಕ್ಷಿಯ ಹೆಸರಿನ ಮುಂದೆ ಸವಾರಿ ಬರುತ್ತದೆ ಎಂದು ಹಾಕಿಸಿದೆ. ಬೇರೆ ಏನಾದರೂ ತಿಳಿಸುವುದಿದೆಯೇ ಎಂಬ ಜಾಗದಲ್ಲಿ, ನಡುವೆ ನಾಲ್ವತ್ತೈದು ವರ್ಷ ಬಿಟ್ಟುಹೋಗಿತ್ತು, ಅದಕ್ಕೆ ಗಂಡ ಕಾರಣ, ಎಂದು ಬರೆಸಿದೆ. ನನ್ನ ಹೆಸರಿನ ಮುಂದೆ ಸೊನ್ನೆ. ಅಂಗಡಿಯವರು ಮರುದಿನವೇ ಬಹಳ ಮರ್ಯಾದೆಯಿಂದ ಉತ್ತರ ಬರೆದರು. ಹಿಂದೆ ಮುಂದೆ ಇಬ್ಬರು ಕೂರುವ, ಮೋಟಾರಿನ ಸಹಾಯ ಇರುವ ಸೈಕಲ್ ಅವರಲ್ಲಿದೆಯಂತೆ. ಹ್ಯಾಂಡಲ್ಲು, ಬ್ರೇಕು, ಬೆಲ್ಲು ಎಲ್ಲ ಮುಂದಿನವರ ಕೈಯಲ್ಲಿ. ಹಿಂದಿನವರು ಸುಮ್ಮನೆ ತುಳಿದರೆ ಸಾಕು. ಮುಂದೆ ಯಾರು ಎಂಬ ಪ್ರಶ್ನೆಗೆ ನಾನು ಯಾರನ್ನೂ ಕೇಳದೆ ಉತ್ತರ ತುಂಬಿಸಿದೆ. ಇಡೀ ಯೋಜನೆಯಲ್ಲಿ ನನಗೆ ಗೊಂದಲವಾಗದೇ ಇದ್ದದ್ದು ಅದೊಂದೇ. "ಹಿಂದೆ ಕೂತು ದಾರಿ ಹೇಳ್ಬಾರ್ದು" ಎಂದು ವಿಶಾಲಾಕ್ಷಿ ಷರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ. ಆ ಊರಿನ ಹೆಸರುಗಳನ್ನು ಹೇಳಲು ಬಂದರೆ ತಾನೇ.

ಹಾಗೆಂದು ನನ್ನನ್ನು ಪೂರ್ತಿ ಕೈಬಿಟ್ಟಿಲ್ಲ. ನಿನ್ನೆ ಗಿರೀಶ ಸಾಮಾನಿನ ಪಟ್ಟಿ ಮಾಡುತ್ತ, "ಮಾವ, ದಾರಿಯಲ್ಲಿ ಪಂಕ್ಚರ್ ಆದ್ರೆ ಏನು ಮಾಡೋದು?" ಎಂದ. ತಳ್ಳುವುದು, ಎಂದು ಹೇಳಿದೆ. ಆ ವಿಷಯದಲ್ಲಿ ಈ ಮನೆಯಲ್ಲಿ ನನಗಿರುವಷ್ಟು ಅನುಭವ ಬೇರೆ ಯಾರಿಗಿದೆ?