ಹೊಡೆಯೋದೋ ಬೀಸೋದೋ

ನಗುವ ಸಂಗತಿಗಳನ್ನು ನಾನು ಯಾವತ್ತೂ ಹುಡುಕಿಕೊಂಡು ಹೋದವನಲ್ಲ. ಸರ್ಕಾರಿ ಗುಮಾಸ್ತನಿಗೆ ಅದರ ಅಗತ್ಯವೂ ಇಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಅವೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತವೆ. ಅದರಲ್ಲೂ ನಾನು ಕೋಲಾರದಲ್ಲಿ ಕ್ಯಾಂಪ್ ಗುಮಾಸ್ತನಾಗಿದ್ದ ಯುದ್ಧದ ಕಾಲದಲ್ಲಿ ಅವು ಬಾಗಿಲು ತಟ್ಟುವ ಮರ್ಯಾದೆಯನ್ನೂ ಬಿಟ್ಟಿದ್ದವು.

ನಮ್ಮ ಸಾಹೇಬರು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಗೂ ಕ್ಯಾಂಪ್ ಹೋಗಬೇಕಾಗಿತ್ತು. ಊರೂರಿಗೆ ಹೋಗಿ ಕಾಲರಾ ಸೂಜಿ ಹಾಕಿಸುವ ಡಾಕ್ಟರೊಬ್ಬರು ಅವರ ಬಾಲ್ಯ ಸ್ನೇಹಿತರು. ಪೆಟ್ರೋಲಿಗೆ ಬರಗಾಲ ಬಂದಿದ್ದರಿಂದ ಇಬ್ಬರೂ ಒಂದೇ ಮೋಟಾರಿನಲ್ಲಿ ಓಡಾಡುತ್ತಿದ್ದರು. ಬೆಂಗಳೂರಿನಲ್ಲಿದ್ದಾಗ ಇಬ್ಬರಿಗೂ ಗಾಲ್ಫ್ ಆಟದ ಹುಚ್ಚು ಹತ್ತಿತ್ತು. ಹತ್ತಿದ್ದು ಒಂದೇ ಹುಚ್ಚಾದರೂ ಪಂಥ ಬೇರೆ ಬೇರೆ. ಸಾಹೇಬರು ಹೊಡೆಯುವ ಪಂಥ: ಬಲಗೈಯ ಬಲವನ್ನೆಲ್ಲ ಹಿಂದಿನಿಂದ ತಂದು ಚೆಂಡಿಗೆ ಒಂದೇ ಏಟು ಬಿಗಿಯಬೇಕು. ಡಾಕ್ಟರು ಬೀಸುವ ಪಂಥ: ಎಡಗೈ ಎಳೆದುಕೊಂಡು ಹೋಗಬೇಕು, ಮೈ ತಾನಾಗಿ ತಿರುಗಬೇಕು, ಕೋಲು ಉಯ್ಯಾಲೆಯ ಹಾಗೆ ಬರಬೇಕು, ದಾರಿಯಲ್ಲಿ ಚೆಂಡು ಸಿಕ್ಕಿದರೆ ಅದೂ ಜೊತೆಗೆ ಹೋಗಬೇಕು.

ಇಬ್ಬರ ನಡುವೆ ಕಾಗದಪತ್ರದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವನು ನಾನು.

೧. ಟೇಕಲ್ಲಿನ ಗಂಟೆ

ಒಂದು ಸಲ ಮೋಟಾರು ಕೆಟ್ಟಿದ್ದರಿಂದ ಟೇಕಲ್ಲಿನಿಂದ ರೈಲಿನಲ್ಲಿ ವಾಪಸಾಗಬೇಕಾಯಿತು. ಗಾಡಿ ತಡ. ಸ್ಟೇಷನ್ನಿನ ಮರದ ಕೆಳಗೆ ಜನ ಗಂಟುಮೂಟೆಗೆ ತಲೆಕೊಟ್ಟು ಮಲಗಿದ್ದರು. ಸಾಹೇಬರ ಕೈ ಸುಮ್ಮನಿರಲಿಲ್ಲ. ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಚೆಂಡಿಟ್ಟರು.

"ನೋಡಯ್ಯಾ ಡಾಕ್ಟ್ರೇ, ಹೊಡೆತ ಅಂದ್ರೆ ಹೀಗೆ," ಅಂದವರೇ ಹಲ್ಲು ಕಚ್ಚಿ ಒಂದು ಬಾರಿಸಿದರು.

ಚೆಂಡು ಬೆಟ್ಟದ ಕಡೆಗೆ ಹೋಗಿ, ಒಂದು ಬಂಡೆಗೆ ಬಡಿದು, ಹೋದದ್ದಕ್ಕಿಂತ ಜೋರಾಗಿ ತಿರುಗಿ ಬಂತು. ನಾವು ಮೂವರೂ ತಲೆ ತಗ್ಗಿಸಿದೆವು. ಅದು ನಮ್ಮ ಮೇಲಿಂದ ಹಾರಿ, ಪ್ಲಾಟ್‌ಫಾರಂನಲ್ಲಿ ಗಂಟೆ ಬದಲು ನೇತುಹಾಕಿದ್ದ ಕಂಬಿಯ ತುಂಡಿಗೆ ಸರಿಯಾಗಿ ಬಡಿಯಿತು. ಠಣ್!

ಮಲಗಿದ್ದವರೆಲ್ಲ ದಡಬಡಿಸಿ ಎದ್ದರು. ಗಂಟುಗಳು ತಲೆಗೇರಿದವು, ಕೋಳಿಗಳು ಕಂಕುಳಿಗೇರಿದವು. ಪ್ಲಾಟ್‌ಫಾರಂ ತುಂಬಿಹೋಯಿತು. ಸ್ಟೇಷನ್ ಮಾಸ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಾವುಟದೊಂದಿಗೆ ಓಡಿ ಬಂದರು. ಎರಡೂ ಕಡೆ ನೋಡಿದರು. ಗಾಡಿಯ ಹೊಗೆಯೂ ಇಲ್ಲ.

"ಯಾರ್ರೀ ಬೆಲ್ ಹೊಡೆದಿದ್ದು?"

"ನಾನೇ ಕಣ್ರೀ," ಅಂದರು ಸಾಹೇಬರು. "ಬೇಕು ಅಂತ ಹೊಡೆದಿದ್ದಲ್ಲ."

"ಅದನ್ನೇ ನಾನೂ ಹೇಳೋದು," ಅಂದರು ಡಾಕ್ಟರು. "ಬೇಕಾದ ಕಡೆ ಹೋಗಬೇಕು ಅಂದ್ರೆ ಬೀಸಬೇಕು."

ತಲೆಯ ಮೇಲಿನ ಗಂಟನ್ನು ಮತ್ತೆ ಕೆಳಗಿಟ್ಟು ಅದರ ಮೇಲೆಯೇ ಕೂತ ಒಬ್ಬ ಅಜ್ಜಿ ಮಾತ್ರ ಸಾಹೇಬರ ಪರವಾಗಿ ಮಾತಾಡಿದಳು: "ಹೋಗ್ಲಿ ಬಿಡಪ್ಪಾ. ಗಾಡಿ ಬರ್ದಿದ್ರೂ ಗಂಟೆಯಾದ್ರೂ ಹೊಡೀತಲ್ಲ. ಬೇರೆ ದಿನ ಅದೂ ಇರಲ್ಲ."

೨. ಕುರುಡುಮಲೆಯ ಭಂಗಿ

ಡಾಕ್ಟರ ಬೀಸು ನೋಡಲು ಬಹಳ ಚೆನ್ನಾಗಿರುತ್ತಿತ್ತು. ಕೋಲು ನಿಧಾನವಾಗಿ ಹಿಂದಕ್ಕೆ ಹೋಗುವುದು, ಸೊಂಟ ತಿರುಗುವುದು, ಕೋಲು ಇಳಿದು ಮತ್ತೆ ಎಡಭುಜದ ಮೇಲೇರುವುದು. ಕೊನೆಯಲ್ಲಿ ಅವರು ಒಂದು ಹಿಮ್ಮಡಿ ಎತ್ತಿ, ಗಲ್ಲ ಮೇಲೆತ್ತಿ, ದೂರಕ್ಕೆ ನೋಡುತ್ತಾ ಹಾಗೇ ನಿಂತುಬಿಡುತ್ತಿದ್ದರು. ಆ ನಿಲುವು ಕೆಡಬಾರದು ಎಂದು ಉಸಿರನ್ನೂ ಬಿಗಿಹಿಡಿಯುತ್ತಿದ್ದರು.

ಕುರುಡುಮಲೆಯಲ್ಲಿ ಸೂಜಿ ಹಾಕುವ ಕೆಲಸ ಮುಗಿದ ಸಂಜೆ, ಊರಾಚೆಯ ಬಯಲಿನಲ್ಲಿ ಬೀಸಿದರು. ಸೂಜಿ ಹಾಕಿಸಿಕೊಂಡು ತೋಳು ಉಜ್ಜಿಕೊಳ್ಳುತ್ತಿದ್ದ ಊರವರೆಲ್ಲ ಸುತ್ತ ನಿಂತಿದ್ದರು. ಗಣಪತಿಗೆ ಪೂಜೆ ಮುಗಿಸಿದ ಅರ್ಚಕರೂ ಬಂದಿದ್ದರು. ಡಾಕ್ಟರು ಬೀಸಿ, ಹಿಮ್ಮಡಿ ಎತ್ತಿ, ಆಕಾಶ ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು.

"ಎಲ್ಲಿ ಬಿತ್ತು? ಯಾರಾದ್ರೂ ನೋಡಿದ್ರಾ?"

ಸೂಜಿ ಹಾಕುವ ಡಾಕ್ಟರಿಗೆ ಎದುರು ಹೇಳುವ ಧೈರ್ಯ ಯಾರಿಗಿರುತ್ತದೆ? ಸಾಹೇಬರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ಚೆಂಡು ಡಾಕ್ಟರ ಬೂಟಿನ ಮುಂದೆ ಇಟ್ಟ ಕಡೆಯಲ್ಲೇ ಇತ್ತು.

ಅರ್ಚಕರೇ ಮುಂದೆ ಬಂದು ಕೈ ಮುಗಿದರು. "ತಮ್ಮ ಬೀಸಿನಲ್ಲಿ ಏನೂ ದೋಷ ಇಲ್ಲ ಸ್ವಾಮಿ. ಚೆಂಡಿಗೇ ಗಣಪತಿ ಸನ್ನಿಧಿ ಬಿಟ್ಟು ಹೋಗೋಕೆ ಮನಸ್ಸಿಲ್ಲ."

೩. ನಮ್ಮ ಮನೆಯಲ್ಲಿ

ಇಬ್ಬರಿಗೂ ಒಬ್ಬ ಶಿಷ್ಯ ಬೇಕಾಗಿತ್ತು. ನನ್ನನ್ನು ಬಿಟ್ಟರೆ ಯಾರಿದ್ದರು? ಸಾಹೇಬರು ಕರೆದು, "ಗುಮಾಸ್ತರೇ, ಬಲಗೈ ಮರೀಬೇಡಿ," ಅನ್ನುವರು. ಅವರು ಆಚೆ ಹೋದ ಕೂಡಲೇ ಡಾಕ್ಟರು ಬಂದು, "ಬಲಗೈ ಇದೆ ಅನ್ನೋದನ್ನೇ ಮರೆತುಬಿಡಿ," ಅನ್ನುವರು. ಒಬ್ಬರು ನನಗೆ ಅನ್ನ ಕೊಡುವ ಅಧಿಕಾರಿ. ಇನ್ನೊಬ್ಬರು, ನನ್ನ ಹೆಂಡತಿಗೆ ಜ್ವರ ಬಂದು ಆಸೆ ಬಿಟ್ಟಿದ್ದಾಗ ಹಗಲು ರಾತ್ರಿ ಬಂದು ಉಳಿಸಿದವರು. ನಾನು ಇಬ್ಬರಿಗೂ "ಆಗಲಿ ಸ್ವಾಮಿ" ಅಂದೆ.

ಹಾಗಾಗಿ ಮನೆಯ ಹಿತ್ತಲಲ್ಲಿ ಊರುಗೋಲು ಹಿಡಿದು ಅಭ್ಯಾಸ ಶುರುಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ್ರೀ ಇದು, ಹಾವೇನಾದ್ರೂ ಬಂದಿತ್ತಾ?"

"ಇಲ್ಲ ಕಣೇ. ಡಾಕ್ಟ್ರು ಬೀಸೋದು ಕಲೀರಿ ಅಂದಿದ್ದಾರೆ."

"ಡಾಕ್ಟ್ರೇ ಹೇಳಿದ್ರಾ?"

"ಹೂಂ. ದಿನಾ ಬೀಸಿದ್ರೆ ಮೈಗೂ ಒಳ್ಳೇದಂತೆ."

ಅವಳ ಮುಖ ಅರಳಿತು. "ದೇವರಂಥ ಮನುಷ್ಯ ಅವರು. ಬನ್ನಿ ಒಳಗೆ, ರಾಗಿ ಹಸನು ಮಾಡಿಟ್ಟಿದ್ದೀನಿ. ಬೀಸೋ ಕಲ್ಲೂ ಖಾಲಿ ಇದೆ."

ಅಂದಿನ ಮುದ್ದೆಗೆ ಹಿಟ್ಟು ಬೀಸಿದವನು ನಾನೇ. ಎಡಗೈಯಲ್ಲೇ ಎಳೆದೆ. ಡಾಕ್ಟರು ಹೇಳಿದ್ದು ಅದಕ್ಕೆ ಮಾತ್ರ ನಿಜ.

೪. ಗೌನಿಪಲ್ಲಿ ಮಾವು

ಗೌನಿಪಲ್ಲಿಯ ಮಾವಿನ ತೋಪಿನಲ್ಲಿ ಊಟಕ್ಕೆ ಇಳಿದಿದ್ದೆವು. ಊಟಕ್ಕೆ ಮೊದಲು ಡಾಕ್ಟರು ಟವೆಲ್ಲಿನ ತುದಿಗೆ ಒಂದು ಮಾವಿನಕಾಯಿ ಕಟ್ಟಿದರು.

"ನೋಡು, ಈ ಕಾಯಿಯೇ ಕೋಲಿನ ತಲೆ. ಟವೆಲ್ಲಿನಲ್ಲಿ ಹೊಡೆಯೋಕೆ ಹೋದ್ರೆ ಮಡಚಿಕೊಳ್ಳುತ್ತೆ. ಬೀಸಿದ್ರೆ ಬಿಗಿಯಾಗೇ ಇರುತ್ತೆ. ಇದಕ್ಕೆ ಏನಂತೀಯ?"

ಬೀಸಿದರು. ನಿಜವಾಗಿಯೂ ಟವೆಲ್ಲು ಹುರಿಯ ಹಾಗೆ ಬಿಗಿಯಾಗಿ ತಿರುಗಿತು. ಎರಡನೆಯ ಸುತ್ತಿಗೆ ಗಂಟು ಬಿಚ್ಚಿ ಕಾಯಿ ಹಾರಿ, ಪಕ್ಕದ ಮರದ ಕೊಂಬೆಗೆ ಬಡಿದು, ಗೊಂಚಲೇ ಉದುರಿತು. ತೋಪಿನ ಯಜಮಾನ ಓಡಿ ಬಂದ.

"ಅಯ್ಯೋ ದೊರಾ, ಕಾಯಲು ಕೊಯ್ಯಡಾನಿಕಿ ದೋಟಿ ಉಂದಿ ಕದಾ! ಕಾಯಿ ಕೀಳೋಕೆ ಉದ್ದನೆ ದೋಟಿ ಇತ್ತಲ್ಲ, ಕೇಳಿದ್ರೆ ನಾನೇ ಕೊಡ್ತಿದ್ದೆ!" ಅಂದ. ಆಮೇಲೆ ಉದುರಿದ ಕಾಯಿಗಳನ್ನು ನೋಡಿ, ಗಲ್ಲ ಕೆರೆದುಕೊಂಡು, "ಆದ್ರೂ ಈ ಟವಲೂ ಪರ್ವಾಗಿಲ್ಲ ಸ್ವಾಮಿ," ಅಂದ.

ಸಾಹೇಬರು ನೆಲದ ಮೇಲೆ ಕೂತು ನಕ್ಕರು. ಕಣ್ಣೀರು ಒರೆಸಿಕೊಂಡು, "ಸುಗ್ಗಿಗೆ ನಿನ್ನನ್ನ ಇಲ್ಲೇ ಬಿಟ್ಟು ಹೋಗ್ತೀನಿ ಕಣೋ," ಅಂದರು.

ಡಾಕ್ಟರ ಮುಖ ಕೆಂಪಾಯಿತು. "ನಿನಗೇನಯ್ಯಾ, ಟೇಕಲ್ಲಿನಲ್ಲಿ ಗಂಟೆ ಹೊಡೆಯೋ ಕೆಲಸ ಕಾದಿದೆ."

"ನನ್ನ ಏಟಿಗೆ ಚೆಂಡಾದ್ರೂ ಅಲುಗಾಡುತ್ತೆ."

ಅಷ್ಟೇ. ಮಾತು ನಿಂತಿತು. ಒಂದೇ ಬೆಂಚಿನಲ್ಲಿ ಓದಿದವರು ಎಲೆಯ ಮುಂದೆ ಅಕ್ಕಪಕ್ಕ ಕೂತು ಮುಖ ತಿರುಗಿಸಿದರು.

"ಗುಮಾಸ್ತರೇ, ಡಾಕ್ಟರಿಗೆ ಉಪ್ಪಿನಕಾಯಿ ಬೇಕೇನೋ ಕೇಳಿ."

"ಬೇಡ ಅಂತ ಹೇಳಿ ಗುಮಾಸ್ತರೇ."

"ಬೇಡವಂತೆ ಸ್ವಾಮಿ," ಅಂದೆ. ಉಪ್ಪಿನಕಾಯಿ ನನ್ನ ಎಲೆಗೆ ಬಿತ್ತು. ಎರಡು ಪಾಲು.

೫. ತಳ್ಳೋದೋ ಎಳೆಯೋದೋ

ಅದೇ ದಿನ ವಾಪಸು ಬರುವಾಗ ಮೋಟಾರು ಏರಿನಲ್ಲಿ ನಿಂತುಹೋಯಿತು. ಆಗ ಮೋಟಾರುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಡ್ರೈವರು ಇಳಿದು ಒಲೆಗೆ ಸಲಾಕೆ ಹಾಕಿ ಕೆದಕತೊಡಗಿದ.

"ಗುಮಾಸ್ತರೇ, ಡಾಕ್ಟರಿಗೆ ಹೇಳಿ, ಹಿಂದಿನಿಂದ ತಳ್ಳಬೇಕು ಅಂತ. ಬಲ ಇರೋದು ತಳ್ಳೋದರಲ್ಲಿ."

"ಅವರಿಗೆ ಹೇಳಿ, ಮುಂದಿನಿಂದ ಎಳೆದ್ರೇನೆ ಮೋಟಾರು ನೇರ ಹೋಗೋದು ಅಂತ."

ಇದು ಮೋಟಾರಿನ ಮಾತಲ್ಲ ಅನ್ನುವುದು ನನಗೆ ಗೊತ್ತಿತ್ತು. ಡಾಕ್ಟರು ಮುಂದೆ ಹಗ್ಗ ಕಟ್ಟಿ ಎಳೆದರು. ಸಾಹೇಬರು ಹಿಂದೆ ಬಲಭುಜ ಕೊಟ್ಟು ತಳ್ಳಿದರು. ನಾನು ಪಕ್ಷಪಾತ ಬೇಡವೆಂದು ನಡುವಿನ ಬಾಗಿಲು ಹಿಡಿದುಕೊಂಡೆ. ಮೂವರೂ ಬೆವರಿ ನೀರಾದೆವು. ಮೋಟಾರು ಕುರುಡುಮಲೆಯ ಚೆಂಡಿನ ಹಾಗೆ ಕೂತಲ್ಲೇ ಕೂತಿತ್ತು.

ಡ್ರೈವರು ಒಲೆಯ ಹಿಂದಿನಿಂದ ಇಣುಕಿದ. "ಇಬ್ಬರದೂ ಸರೀನೇ, ಬುದ್ಧಿ. ಬ್ರೇಕು ಬಿಟ್ಟಿದ್ರೆ ಹೋಗ್ತಿತ್ತು."

೬. ಕೋಲಾರದ ಮೈದಾನ

ಕೋಲಾರಕ್ಕೆ ಬಂದ ಮೇಲೂ ಮಾತಿಲ್ಲ. ದಿನಾ ಸಾಯಂಕಾಲ ಸಾಹೇಬರ ಮನೆಗೆ ಕಾಫಿಗೆ ಬರುತ್ತಿದ್ದ ಡಾಕ್ಟರು ಬರುವುದನ್ನೇ ಬಿಟ್ಟರು. ಸಾಹೇಬರ ತಾಯಿ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದರು.

"ಆ ಹುಡುಗನಿಗೆ ತಾಯಿ ಇಲ್ಲಪ್ಪಾ. ಚಿಕ್ಕಂದಿನಿಂದ ಈ ಮನೇಲೇ ಊಟ ಮಾಡಿದೋನು. ಅವನ ಲೋಟ ಹಾಗೇ ಕಾಯ್ತಾ ಇದೆ. ಏನಾದ್ರೂ ಮಾಡು."

ನನಗೂ ಸಂಕಟವಾಗುತ್ತಿತ್ತು. ಎರಡು ಕಡೆಯ ಉಪ್ಪಿನಕಾಯಿ ಎಷ್ಟು ದಿನ ತಿನ್ನುವುದು? ಧೈರ್ಯ ಮಾಡಿ ಇಬ್ಬರ ಹತ್ತಿರವೂ ಹೋದೆ. "ಸ್ವಾಮಿ, ನಾನು ಇಬ್ಬರ ಹತ್ತಿರವೂ ಕಲಿತಿದ್ದೀನಿ. ಎಲ್ಲರ ಮುಂದೆ ಒಂದೇ ಒಂದು ಸಲ ಆಡ್ತೀನಿ. ಕೈ ಯಾವ ಕಡೆ ಹೋಗುತ್ತೋ ಆ ಪಂಥವೇ ಸರಿ. ಸೋತವರು ಗೆದ್ದವರ ಮನೆಗೆ ಕಾಫಿಗೆ ಹೋಗಬೇಕು," ಅಂದೆ. ಇಬ್ಬರೂ ತಾನೇ ಗೆಲ್ಲುವುದೆಂದು ಒಪ್ಪಿಕೊಂಡರು. ಸೋತವರು ನನ್ನನ್ನು ಏನು ಮಾಡುತ್ತಾರೆ ಅನ್ನುವುದನ್ನು ನಾನು ಕೇಳಲಿಲ್ಲ.

ಊರಾಚೆಯ ಮೈದಾನದಲ್ಲಿ ಭಾನುವಾರ ಸಾಯಂಕಾಲ ಸಂತೆಯಷ್ಟು ಜನ ಸೇರಿದರು. ಕಚೇರಿಯವರು, ಅಂಗಡಿಯವರು, ಮುಳಬಾಗಿಲಿನಿಂದ ಹುಣಸೆಹಣ್ಣು ಹೇರಿಕೊಂಡು ಬಂದಿದ್ದ ಗಾಡಿಯವರು. ಸಾಹೇಬರ ತಾಯಿಗೆ ಕುರ್ಚಿ ಹಾಕಿಸಿದ್ದೆವು. ನನ್ನ ಹೆಂಡತಿ ಅವರ ಪಕ್ಕದಲ್ಲಿ ನಿಂತಿದ್ದಳು.

ಕಚೇರಿಯ ಜವಾನ ಚೆಂಡಿಟ್ಟ. ನಾನು ಕೋಲು ಹಿಡಿದು ನಿಂತೆ. ಸಾಹೇಬರು ಬಲಕ್ಕೆ, ಡಾಕ್ಟರು ಎಡಕ್ಕೆ. ಕೋಲು ಹಿಂದಕ್ಕೆ ಹೋಯಿತು. ಬೀಸು ಚೆನ್ನಾಗಿಯೇ ಶುರುವಾಗಿತ್ತು. ಅಷ್ಟರಲ್ಲಿ ಬಲಗಡೆ ನಿಂತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ.

"ಹೊಡೀರಿ!"

"ಬೀಸ್ರೀ!" ಅಂತ ಎಡಗಡೆಯಿಂದ ಇನ್ನೊಂದು ಕೂಗು.

ಎಡಗೈ ಎಳೆಯಿತು, ಬಲಗೈ ತಳ್ಳಿತು. ಬೆವರಿದ ಅಂಗೈಯಿಂದ ಕೋಲು ಜಾರಿ ಗಿರ್ರನೆ ತಿರುಗುತ್ತಾ ಆಕಾಶಕ್ಕೇರಿತು. ಮೈದಾನ ದಾಟಿತು. ಗಾಡಿಗಳನ್ನು ದಾಟಿತು. ಆಚೆಯ ದೊಡ್ಡ ಅರಳಿಮರದ ತುದಿಯಲ್ಲಿ ಸಿಕ್ಕಿಕೊಂಡಿತು. ಮರದಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಚೆಂಡು ಇಟ್ಟಲ್ಲೇ ಇತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಸಾಹೇಬರು ನನ್ನನ್ನು ದಾಟಿ ನೇರವಾಗಿ ಡಾಕ್ಟರ ಮುಂದೆ ಹೋಗಿ ನಿಂತರು.

"ಲೇ, ಇದು ನಿನ್ನ ಬೀಸು ಕಣೋ!"

"ನನ್ನದಾ? ಕೈ ಬಿಟ್ಟದ್ದು ಬಲಗೈ ಕಣೋ! ಅದು ನಿನ್ನ ಹೊಡೆತ!"

ಆಗ ಗಾಡಿಯವನೊಬ್ಬ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಎಲ್ಲರೂ ತಟ್ಟಿದರು. ಈ ಆಟವೆಂದರೆ ಕೋಲನ್ನು ದೂರಕ್ಕೆ ಎಸೆಯುವುದೆಂದು ಜನ ತಿಳಿದಿದ್ದರು. "ಅಬ್ಬಬ್ಬಾ, ಗುಮಾಸ್ತರು ಏನು ಎಸೆದ್ರಪ್ಪಾ! ಯಾರು ಸ್ವಾಮಿ ಇವರಿಗೆ ಕಲಿಸಿದ್ದು?" ಅಂತ ಆ ಗಾಡಿಯವನು ಕೂಗಿ ಕೇಳಿದ.

ಸಾಹೇಬರು ಎದೆ ಮುಂದೆ ಮಾಡಿ, "ನಾನೇ. ಬಲಗೈ ನೋಡಿದ್ರಲ್ಲ!" ಅಂದರು.

"ಏನೋ ನೀನು? ಅಷ್ಟು ದೂರ ಹೋಗಿದ್ದು ಬೀಸಿಗೆ ಕಣೋ! ಹೊಡೆತಕ್ಕಾಗಿದ್ರೆ ಗಾಡಿ ಹತ್ರಾನೇ ಬೀಳ್ತಿತ್ತು!"

"ಹೊಡೆತ!"

"ಬೀಸು!"

ಹಾಗೆ ಜಗಳವಾಡುತ್ತಲೇ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಹಾಕಿದರು. ಯಾರು ಮೊದಲು ನಕ್ಕರೋ ಗೊತ್ತಾಗಲಿಲ್ಲ. ಸಾಹೇಬರ ತಾಯಿ ಎದ್ದು, "ಬನ್ನಿ, ಮನೇಲಿ ಕೂತು ಕಿತ್ತಾಡಿ, ಕಾಫಿ ಆರುತ್ತೆ," ಅಂದು ಇಬ್ಬರನ್ನೂ ಕರೆದುಕೊಂಡು ಹೋದರು.

ಮೈದಾನ ಖಾಲಿಯಾಯಿತು. ಅರಳಿಮರದ ಕೆಳಗೆ ನಾನು ಮತ್ತು ಜವಾನ ಇಬ್ಬರೇ ಉಳಿದೆವು. ಅವನು ಕುತ್ತಿಗೆ ಎತ್ತಿ ತುದಿಯಲ್ಲಿ ನೇತಾಡುತ್ತಿದ್ದ ಕೋಲನ್ನು ನೋಡಿದ. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಬಹಳ ವಿನಯದಿಂದ ಕೇಳಿದ:

"ಸ್ವಾಮಿ, ಇದನ್ನ ಕಲ್ಲಲ್ಲಿ ಹೊಡೆಯೋದೋ, ಹಗ್ಗ ಬೀಸೋದೋ?"

"ಅಪ್ಪಾ, ನಿನಗೆ ಕೈ ಮುಗೀತೀನಿ," ಅಂದೆ. "ಮರ ಹತ್ತು."