ಅಂಬಿಕಾಳ ಬೆರಳಿಗೊಂದು ಟ್ರಿಗರ್

ಭಾನುವಾರ ಬೆಳಗಿನ ಜಾವ, ಕಾಗೆಗಳು ಕೂಡ ಇನ್ನೂ ಬಾಯಿ ತೆರೆಯದ ಹೊತ್ತಿನಲ್ಲಿ, ಚನ್ನಗಿರಿಯ ಭೀಮೇಶ ತನ್ನ ಮನೆಯ ನಡುಮನೆಯಲ್ಲೇ ಕಳ್ಳನ ಹಾಗೆ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಒಂದು ತುಂಡು ಬಿಳಿ ದಾರ. ಎದುರಿಗೆ ಕೌದಿಯಿಂದ ಹೊರಗೆ ಚಾಚಿಕೊಂಡಿದ್ದ ಹಸಿರು ಬಳೆಯ ಬಲಗೈ. ಉಸಿರು ಬಿಗಿಹಿಡಿದು ಆ ಕೈಯ ತೋರುಬೆರಳ ಗೆಣ್ಣಿಗೆ ದಾರ ಸುತ್ತಿ ಒಂದು ಗಂಟು ಹಾಕಿದ. ಬೆರಳಿನ ಬುಡದಿಂದ ಗೆಣ್ಣಿನವರೆಗೆ ಹಿಡಿದು ಇನ್ನೊಂದು ಗಂಟು ಹಾಕಿದ. ಬೆರಳು ಸಣ್ಣಗೆ ಅಲುಗಿತು. ದಾರವನ್ನು ಜೇಬಿಗೆ ತುರುಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೈಕನ್ನು ಸ್ಟಾರ್ಟ್ ಮಾಡದೆ ಬೀದಿಯ ತುದಿಯವರೆಗೂ ತಳ್ಳಿಕೊಂಡೇ ಹೋದ.

ಅಳತೆ ಬೇಕಾಗಿದ್ದುದು ಒಂದು ಟ್ರಿಗರ್‌ಗೆ.

ತ್ಯಾವಣಿಗೆ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಅಂಗಳವನ್ನು ರವಿಕುಮಾರ್ ಎಂಬುವರು ಬಾಡಿಗೆಗೆ ಹಿಡಿದು, ಸುತ್ತ ಬಲೆ ಕಟ್ಟಿಸಿ, ಹಳೇ ಟೈರು ಡ್ರಮ್ಮುಗಳನ್ನು ಜೋಡಿಸಿ, ಪೇಂಟ್‌ಬಾಲ್ ಮೈದಾನ ಮಾಡಿದ್ದರು. ಬಣ್ಣ ತುಂಬಿದ ಗುಂಡುಗಳನ್ನು ಒಬ್ಬರ ಮೇಲೊಬ್ಬರು ಹಾರಿಸುವ ಆಟ. ಅಲ್ಲಿನ ಗನ್ನುಗಳನ್ನು ಒರೆಸುವುದು, ಬಿಚ್ಚುವುದು, ರಿಪೇರಿ ಮಾಡುವುದು ಭೀಮೇಶನ ಕೆಲಸ. ಗನ್ನಿನಲ್ಲಿ ಬೆರಳಿಟ್ಟು ಎಳೆಯುವ ಭಾಗಕ್ಕೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆ ಎಂದು ಎಲ್ಲೋ ಓದಿ, ‘ಕೇಳದೆ ಕುದುರೆ ಮುಟ್ಟಬಾರದು’ ಎಂದು ಒಮ್ಮೆ ಬೋರ್ಡು ಬರೆದು ಹಾಕಿದ್ದ. ಉಬ್ರಾಣಿ ಕಡೆಯಿಂದ ಬಂದ ಸಂಸಾರವೊಂದು ‘ಕುದುರೆ ಎಲ್ಲೈತೆ, ನಮ್ಮ ಹುಡುಗನ್ನ ಕೂರಿಸ್ರಿ’ ಎಂದು ಮಧ್ಯಾಹ್ನದವರೆಗೂ ಪಟ್ಟು ಹಿಡಿದು ಕೂತಮೇಲೆ ಅದನ್ನು ಅಳಿಸಿ ಟ್ರಿಗರ್ ಎಂದೇ ಬರೆದಿದ್ದ.

ಅವನ ಹೆಂಡತಿ ಅಂಬಿಕಾ ದಿನಾ ಬುತ್ತಿ ತರುವಾಗ ಬಲೆಯ ಹೊರಗೆ ನಿಂತು ಆಟ ನೋಡುತ್ತಿದ್ದಳು. ಶಾಲೆಯಲ್ಲಿ ಖೋಖೋ ಆಡಿದ ಹುಡುಗಿ. ನೋಡುತ್ತ ನೋಡುತ್ತ ಅವಳ ಕಾಲು ತಾನಾಗಿಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಿತ್ತು. ಆದರೆ ಮದುವೆಯಾದ ಮರುವರ್ಷ ಅಂಗಡಿಯೊಂದರ ಶೆಟರ್ ಬಿದ್ದು ಅವಳ ಬಲಗೈ ತೋರುಬೆರಳು ಜಜ್ಜಿತ್ತು. ಮೂಳೆ ಕೂಡಿತು, ಗೆಣ್ಣು ಮಾತ್ರ ಮಡಚದೆ ಉಳಿಯಿತು. ಒಮ್ಮೆ ಯಾರೂ ಇಲ್ಲದಾಗ ಗನ್ ಎತ್ತಿಕೊಂಡು ನೋಡಿದ್ದಳು. ಬೆರಳು ಬಾಗಲಿಲ್ಲ, ನೆಟ್ಟಗೆ ನಿಂತು ಪಕ್ಕದ ಬೆರಳಿಗೂ ದಾರಿ ಬಿಡಲಿಲ್ಲ. ಎಡಗೈಯಲ್ಲಿ ಗುರಿ ಕೂಡಲಿಲ್ಲ. “ಅಯ್ಯ, ಭಾರ ಐತಪ್ಪ ಇದು” ಎಂದು ನಗುತ್ತ ಕೆಳಗಿಟ್ಟು ಬುತ್ತಿಯ ಚೀಲ ಮಡಚತೊಡಗಿದಳು. ಬಾಗಿಲ ಹಿಂದಿನಿಂದ ಇದನ್ನು ನೋಡಿದ್ದ ಭೀಮೇಶನಿಗೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಆಗಿಬಿಟ್ಟಿತ್ತು.

ಈ ಭಾನುವಾರ ಸಂಜೆ ಕೆಲಸಗಾರರ ಮನೆಯವರಿಗೆಲ್ಲ ಪುಕ್ಕಟೆ ಆಟ ಎಂದು ರವಿಕುಮಾರ್ ಸಾರಿದ್ದರು. ಅಷ್ಟರೊಳಗೆ ಅವಳ ಬೆರಳಿಗೆ ಒಗ್ಗುವ ಟ್ರಿಗರ್ ಕೂರಿಸಬೇಕು. ಕೇಳಿದರೆ ‘ನನಗ್ಯಾಕ್ರಿ ಅದೆಲ್ಲ’ ಎನ್ನುವವಳು, ಆದ್ದರಿಂದ ಗುಟ್ಟಾಗಿ. ಗೋವಿನಕೋವಿಯಿಂದ ಅತ್ತೆ ಗಾದ್ರಮ್ಮ ಬಂದಿದ್ದರಿಂದ ತಾಯಿ ಮಗಳಿಬ್ಬರೂ ನಡುಮನೆಯಲ್ಲಿ ಒಂದೇ ಕೌದಿಯಡಿ ಮಲಗುತ್ತಿದ್ದರು, ಅತ್ತೆ ಗೋಡೆಯ ಕಡೆ, ಹೆಂಡತಿ ಬಾಗಿಲ ಕಡೆ. ಹೇಗೋ ಕೆಲಸ ಮುಗಿಯಿತು ಎಂದು ಭೀಮೇಶ ನಿಟ್ಟುಸಿರು ಬಿಟ್ಟ. ಹೆಪ್ಪಿಗೆ ಮೊಸರು ಕೇಳಲು ಬಂದಿದ್ದ ಎದುರುಮನೆಯ ಶಂಕರಮ್ಮ ಕಿಟಕಿಯಲ್ಲಿ ಮೂಗು ತೂರಿಸಿ ನಿಂತಿದ್ದು ಅವನಿಗೆ ತಿಳಿಯಲೇ ಇಲ್ಲ.

ಮೈದಾನದ ಬೀಗ ತೆಗೆದು, ಗನ್ನುಗಳನ್ನು ಒರೆಸಿಟ್ಟು, ತಿಂಡಿಗೆ ಮನೆಗೆ ಬಂದರೆ ಬೀದಿಯ ಗಾಳಿಯೇ ಬದಲಾಗಿತ್ತು. ನಲ್ಲಿಯ ಬಳಿಯ ಹೆಂಗಸರು ಅವನನ್ನು ನೋಡಿ ಮಾತು ನಿಲ್ಲಿಸಿದರು. ಒಬ್ಬಾಕೆ ಕೊಡ ತುಂಬಿ ಹರಿಯುತ್ತಿದ್ದರೂ ಅವನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಅಂಬಿಕಾ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಅವನು ಸಾಕೆನ್ನುವ ಮೊದಲೇ ಇನ್ನೂ ಒಂದು ಉಂಡೆ ಇಟ್ಟಳು. ಅಳಿಯನೆದುರು ಬಾಗಿಲ ಮರೆಯಿಂದ ಈಚೆಗೆ ಬಾರದ ಗಾದ್ರಮ್ಮ ಇವತ್ತು ತಾವೇ ಚಟ್ನಿ ತಂದು ಬಡಿಸಿದರು.

“ಹೊಟ್ಟೆ ತುಂಬಾ ತಿನ್ರಿ ಅಳಿಯಂದ್ರೆ” ಎಂದರು, ತಲೆಯ ಮೇಲೆ ಸೆರಗೆಳೆದುಕೊಂಡು.

ಮದುವೆಯಾದಾಗಿನಿಂದ ಅತ್ತೆ ನೇರವಾಗಿ ಆಡಿದ ಮೊದಲ ಮಾತು ಅದು. ಭೀಮೇಶನಿಗೆ ರೊಟ್ಟಿ ನೆತ್ತಿಗೆ ಹತ್ತಿತು.

ಹೊರಗೆ ಬಂದರೆ ಶಂಕರಮ್ಮನ ಗಂಡ ಜಂಪಣ್ಣ ಬೈಕಿನ ಸೀಟಿನ ಮೇಲೆ ಕೈಯೂರಿ ಕಾದಿದ್ದರು. ಮುಖ ಹುಳಿ ಮಜ್ಜಿಗೆಯಾಗಿತ್ತು.

“ಏನಪ್ಪಾ ಭೀಮೇಶಿ, ನಿನ್ನಿಂದ ನನಗೆ ಬೆಳಗ್ಗಿಂದ ಚಾ ಇಲ್ಲ.”

“ನಾನೇನ್ ಮಾಡಿದೆ ಅಣ್ಣಾ?”

“ಹೆಂಡ್ತಿ ಮಲಗಿದ್ದಾಗ ಬೆರಳಿಗೆ ದಾರ ಸುತ್ತಿ ಉಂಗುರದ ಅಳತೆ ತಗೊಂಡ್ಯಂತಲ್ಲ! ನಮ್ಮಾಕಿ ಕಿಟಕೀಲಿ ನೋಡ್ಯಾಳೆ. ಬೀದಿಗೆಲ್ಲ ಹೇಳ್ಯಾಳೆ. ‘ನೀನು ಯಾವತ್ತಾರ ನನ್ನ ಬೆರಳು ಕಣ್ಣೆತ್ತಿ ನೋಡೀಯಾ’ ಅಂತ ನನ್ನ ಜಾಲಾಡಿಸಿಬಿಟ್ಲು. ನಂಗೆ ಇವತ್ತಿಗೂ ಆಕಿಗೆ ಎಷ್ಟು ಬೆರಳು ಅಂತ್ಲೇ ಸರಿಯಾಗಿ ಗೊತ್ತಿಲ್ಲಪ್ಪ!”

“ಅಂಬಿಕಾಗೂ ಹೇಳಿದ್ರಾ?” ಎಂದ ಭೀಮೇಶ.

“ಮೊದ್ಲು ಹೇಳಿದ್ದೇ ಆಕಿಗೆ. ಸಂಜಿಗೆ ಎಲ್ರೂ ನಿಮ್ಮ ಮೈದಾನಕ್ಕೇ ಬರ್ತಾರೆ, ಉಂಗುರ ನೋಡಾಕೆ. ನಡಿ, ನಾನೂ ಬರ್ತೀನಿ. ಡಿಜೈನ್ ಆರಿಸಾಕೆ ಹಿರಿಯರೊಬ್ಬರು ಇರಬೇಕು.”

ಬೇಡವೆನ್ನುವಷ್ಟರಲ್ಲಿ ಜಂಪಣ್ಣ ಹಿಂದೆ ಹತ್ತಿ ಕೂತಾಗಿತ್ತು.

ಬೈಕು ಬಂಗಾರದ ಅಂಗಡಿಗಳ ಸಾಲನ್ನು ದಾಟಿ, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ತೌಸಿಫ್‌ನ ಗ್ಯಾರೇಜಿನ ಮುಂದೆ ನಿಂತಾಗ ಜಂಪಣ್ಣ ಕಕ್ಕಾಬಿಕ್ಕಿಯಾದರು. ತೌಸಿಫ್ ಗನ್ನಿನ ಬಿಡಿಭಾಗಗಳನ್ನೂ ತರಿಸಿಕೊಡುತ್ತಿದ್ದ. ಎಣ್ಣೆ ಹಿಡಿದ ಬಟ್ಟೆಯ ಮೇಲೆ ಅವನು ಮೂರು ಟ್ರಿಗರ್ ಸಾಲಾಗಿ ಇಟ್ಟ. ಒಂದು ಕುಡುಗೋಲಿನಂತೆ ಬಾಗಿದ್ದು. ಒಂದು ಉದ್ದಕ್ಕೆ ನೆಟ್ಟಗಿದ್ದದ್ದು. ಇನ್ನೊಂದು ಅಗಲವಾಗಿ, ಗಿಡ್ಡವಾಗಿ, ಒಳಗೆ ನುಣ್ಣಗೆ ಹಳ್ಳ ಬಿದ್ದಿದ್ದು.

ಭೀಮೇಶ ಜಂಪಣ್ಣನಿಗೆ ನಿಜ ಹೇಳದೆ ವಿಧಿಯಿರಲಿಲ್ಲ. ಕೇಳಿದ ಮೇಲೆ ಜಂಪಣ್ಣ ತಲೆಯ ಮೇಲೆ ಕೈ ಹೊತ್ತರು.

“ಉಂಗುರ ಅಂತ ಕಾಯ್ತಿರೋ ಹೆಂಡ್ತಿ ಕೈಗೆ ಬಂದೂಕು ಕೊಡ್ತೀಯೇನೋ? ಅದೂ ಈಜಿಯಾಗಿ ಹಾರೋವಂಗೆ ಮಾಡಿ? ನಿನಗೆ ಜೀವ ಬ್ಯಾಡವಾ?”

ಹಾಗೆಂದರೂ ಕುತೂಹಲ ಬಿಡಲಿಲ್ಲ. ಮೂರನ್ನೂ ಒಂದೊಂದಾಗಿ ಬೆರಳಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಎಳೆದು ನೋಡಿ, ಬಾಗಿದ್ದೇ ಚೆಂದ ಎಂದರು. ತೌಸಿಫ್ ಒಪ್ಪಲಿಲ್ಲ.

“ಬೆರಳು ಮಡಚಾಂಗಿಲ್ಲ ಅಂದ್ರೆ ಈ ನೆಟ್ಟಂದು ಬೇಕು ಭೀಮೇಶಣ್ಣ. ಬೆರಳಿನ ಬುಡದಿಂದ್ಲೇ ಎಳೀಬೋದು. ಎಲ್ಲಿ, ಅಳತೆ ಕೊಡ್ರಿ.” ದಾರದ ಗಂಟುಗಳನ್ನು ನೆಟ್ಟನೆಯದಕ್ಕೆ ಹಿಡಿದ. ಹುಬ್ಬು ಗಂಟಿಕ್ಕಿದ. “ಇದೇನಿದು, ಬೆರಳು ಗಿಡ್ಡ, ಗೆಣ್ಣು ಇಷ್ಟು ದಪ್ಪ? ಇದು ನಿಜವಾಗ್ಲೂ ಅಂಬಿಕಕ್ಕಂದಾ?”

ಭೀಮೇಶ ದಾರದ ಉಂಗುರವನ್ನು ಅಂಗೈಯಲ್ಲಿಟ್ಟು ನೋಡಿದ. ಇಷ್ಟು ವರ್ಷ ಆ ಕೈ ಬಡಿಸಿದ್ದನ್ನೇ ಉಂಡಿದ್ದಾನೆ. ಒಂದು ದಿನವಾದರೂ ಆ ಬೆರಳನ್ನು ಹಿಡಿದು ನೋಡಿದ್ದಾನೆಯೇ? ಇಷ್ಟು ಊದಿಕೊಂಡಿದ್ದರೂ ಒಮ್ಮೆಯೂ ಅವಳು ನೋವು ಎನ್ನಲಿಲ್ಲವಲ್ಲ. ಅವನ ಕಣ್ಣು ತುಂಬಿತು.

“ಏಟು ಬಿದ್ದ ಬೆರಳಲ್ವೇನಪ್ಪ, ಬಾತಿರತೈತೆ. ಆಕಿಗೆ ಒತ್ತಬಾರದು. ಈ ಅಗಲಂದೇ ಕೊಡು.”

ತೌಸಿಫ್ ಮತ್ತೆ ವಾದಿಸಲಿಲ್ಲ. ನೋಡಿ ಆರಿಸಲೆಂದು ತರಿಸಿದ್ದ ಉಳಿದೆರಡನ್ನು ಕೊರಿಯರಿನವನು ಬಂದು ವಾಪಸು ಒಯ್ದ. ಅಗಲದ್ದು ಗನ್ನಿನಲ್ಲಿ ಕೂತಿತು. ಹೂವು ಕಿತ್ತಷ್ಟು ಹಗುರವಾಗಿ ಅದು ಹಿಂದಕ್ಕೆ ಬರುತ್ತಿತ್ತು.

ಸಂಜೆ ಮೈದಾನದ ಬಲೆಯ ಹೊರಗೆ ಇಡೀ ಬೀದಿಯೇ ನೆರೆದಿತ್ತು. ಶಂಕರಮ್ಮ ಚೆನ್ನಾಗಿ ಕಾಣಲೆಂದು ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದರು. ಅಂಬಿಕಾ ಮದುವೆಯ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಪೇಂಟ್‌ಬಾಲ್ ಮೈದಾನಕ್ಕೆ ರೇಷ್ಮೆ ಸೀರೆಯಲ್ಲಿ ಬಂದವಳನ್ನು ನೋಡಿ ರವಿಕುಮಾರ್ ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು.

ಭೀಮೇಶ ಅವಳನ್ನು ಬಲೆಯ ಒಳಗೆ, ಗನ್ನುಗಳನ್ನಿಟ್ಟ ಮೇಜಿನ ಬಳಿ ಕರೆದ. ಹೊರಗಿನವರೆಲ್ಲ ಕತ್ತು ಚಾಚಿದರು. ಅವನು ಮೇಜಿನ ಕೆಳಗಿನಿಂದ ಗನ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ಉಂಗುರ ಅಲ್ಲ” ಎಂದ ಮೆಲ್ಲಗೆ. “ಅವತ್ತು ನೀನು ಇದನ್ನ ಎತ್ತಿ ಕೆಳಗಿಟ್ಟಿದ್ದು ನಾನು ನೋಡಿದ್ದೆ. ನಿನ್ನ ಬೆರಳಿಗೇ ಅಂತ ಟ್ರಿಗರ್ ಹಾಕಿಸೀನಿ.”

ಅಂಬಿಕಾ ಗನ್ನನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಭೀಮೇಶ ಬೈಗುಳಕ್ಕೆ ತಯಾರಾಗಿ ನಿಂತಿದ್ದ.

“ನೋಡಿದ್ರಾ ನೀವು?” ಎಂದಳು. ಅಷ್ಟೇ. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು ಗನ್ ಎತ್ತಿಕೊಂಡಳು.

ಬೆರಳು ಕೂರಲಿಲ್ಲ. ಅವಳ ತೆಳ್ಳನೆಯ, ನೆಟ್ಟನೆಯ ಬೆರಳು ಆ ಗಿಡ್ಡ ಟ್ರಿಗರನ್ನು ದಾಟಿ ಆಚೆಗೆ ಚಾಚಿ ನಿಂತಿತು, ಊರಿಗೆ ದಾರಿ ತೋರಿಸುವ ಕೈಮರದ ಹಾಗೆ. ಭೀಮೇಶ ಗಾಬರಿಯಿಂದ ಜೇಬಿನ ದಾರ ತೆಗೆದು ಅವಳ ಗೆಣ್ಣಿಗೆ ಹಾಕಿದ. ಅದು ಜಾರಿ ಕೆಳಗೆ ಬಿತ್ತು.

“ಬೆಳಗ್ಗೆ ಸರಿಯಾಗಿತ್ತಲ್ಲ! ನೀನು ಮಲಗಿದ್ದಾಗ ನಾನೇ...”

“ಬೆಳಗಿನ ಜಾವವಾ? ಆಗ ನಾನು ಹಿತ್ತಲಲ್ಲಿ ನೀರೊಲೆ ಹಚ್ಚತಿದ್ನಲ್ರಿ.”

ಭೀಮೇಶ ಬಿದ್ದ ದಾರವನ್ನು ಎತ್ತಿಕೊಂಡು ಮತ್ತೆ ನೋಡಿದ.

“ಹಸಿರು ಬಳೆ ಇತ್ತು” ಎಂದ ಭೀಮೇಶ. ದನಿ ಬಾವಿಯೊಳಗಿಂದ ಬಂದಂತಿತ್ತು.

“ನಿನ್ನೆ ನನ್ನ ಜೊತೆ ಅಮ್ಮಾನೂ ಹಾಕಿಸಿಕೊಂಡ್ರು. ನಾನೆದ್ದ ಮೇಲೆ ನನ್ನ ಜಾಗಕ್ಕೆ ಹೊರಳಿರಬೇಕು.” ಅಂಬಿಕಾ ಬಾಯಿ ಮುಚ್ಚಿಕೊಂಡಳು. “ಅಯ್ಯೋ ಶಿವನೇ! ಅದಕ್ಕೇ ಅಮ್ಮ ಬೆಳಗ್ಗಿಂದ ಬಲಗೈಗೆ ಅರಿಶಿನ ಹಚ್ಚಿ ಹಚ್ಚಿ ತೊಳೀತಿದ್ರು! ಈ ಸಲ ನಾಟಿ ಮಾಡುವಾಗ ಅವರ ಉಂಗುರ ಕೆಸರಲ್ಲಿ ಹೋತು. ಮೊನ್ನೆ ಉಣ್ಣುವಾಗ ನಿಮ್ಮೆದುರೇ ಹೇಳಿದ್ದೆ.”

ಭೀಮೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಳಿಯನ ನೆರಳು ಕಂಡರೆ ಎದ್ದು ನಿಲ್ಲುವ ಅತ್ತೆ. ಅವರ ಕೈ ಹಿಡಿದು, ಬೆರಳಿಗೆ ದಾರ ಸುತ್ತಿದ್ದಾನೆ! ಬಲೆಯಾಚೆ ನೋಡಿದ. ಎಲ್ಲರಿಗಿಂತ ಹಿಂದೆ, ಕಂಬವೊಂದನ್ನು ಹಿಡಿದುಕೊಂಡು ಗಾದ್ರಮ್ಮ ನಿಂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದರು, ಯಾರೋ ಜೋಪಾನ ಮಾಡೆಂದು ಕೊಟ್ಟ ವಸ್ತುವಿನ ಹಾಗೆ.

“ಅಮ್ಮಗೇ ತಂದಿದ್ದು ಅನ್ರಿ” ಎಂದಳು ಅಂಬಿಕಾ.

“ಮತ್ತೆ ನೀನು?”

“ನನಗೆ ಅಂತ ತಂದಿದ್ದು ನನಗೆ ಗೊತ್ತಾತಲ್ಲ. ನನಗೆ ಅಷ್ಟು ಸಾಕು. ಅವರನ್ನ ಬರಿಗೈಲಿ ಕಳಿಸಬ್ಯಾಡ್ರಿ.”

ಅವಳು ಕೈಬೀಸಿ ಕರೆದ ಮೇಲೆ ಗಾದ್ರಮ್ಮ ಒಳಗೆ ಬಂದರು. ಗನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಭೀಮೇಶ ನೆಲ ನೋಡುತ್ತ, “ಅತ್ತೆ, ನಿಮಗೇ ಅಂತ ಮಾಡಿಸಿದ್ದು. ಅಳತೆಗೆ ಸರಿಯಾಗಿ” ಎಂದ. ಅವರು ಅಳುಕುತ್ತ ಬೆರಳಿಟ್ಟರು. ಕಳೆ ಕಿತ್ತು, ನಾಟಿ ಹಾಕಿ ದಪ್ಪಗಾಗಿದ್ದ ಆ ಗೆಣ್ಣು ಟ್ರಿಗರಿನ ಹಳ್ಳದಲ್ಲಿ ತೊಟ್ಟಿಲಿಗೆ ಹಾಕಿದ ಮಗುವಿನಂತೆ ಹೋಗಿ ಕೂತಿತು.

“ಎಚ್ಚರಾಗೇ ಇದ್ದೆ ಅಳಿಯಂದ್ರೆ” ಎಂದರು ಗಾದ್ರಮ್ಮ, ತಲೆಯೆತ್ತದೆ. “ಕೈ ಎಳಕೊಂಡ್ರೆ ನಿಮಗೆ ಮುಜುಗರ ಅಂತ ಸುಮ್ನಿದ್ದೆ. ನನ್ನ ಬೆರಳು ಎಷ್ಟು ದಪ್ಪ ಐತೆ ಅಂತ ಹುಟ್ಟಿದಾಗಿಂದ ಯಾರೂ ಕೇಳಿರ್ಲಿಲ್ಲ. ಉಂಗುರ ಆಗಿದ್ರೆ ಮತ್ತೆ ಗದ್ದೇಲಿ ಬೀಳ್ತಿತ್ತು. ಇದು ಬೀಳಾಕಿಲ್ಲ.”

ಡ್ರಮ್ಮಿನ ಮೇಲಿದ್ದ ಶಂಕರಮ್ಮ ಏನೂ ಅರ್ಥವಾಗದಿದ್ದರೂ ಕಣ್ಣೊರೆಸಿಕೊಂಡರು.

ಆಟ ಶುರುವಾಯಿತು. ರವಿಕುಮಾರ್ ಹೆಂಗಸರದ್ದೊಂದು ಪಾರ್ಟಿ, ಗಂಡಸರದ್ದೊಂದು ಪಾರ್ಟಿ ಮಾಡಿದರು. ಭೀಮೇಶ ಟೈರುಗಳ ಹಿಂದೆ ಕೂತ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅಂಬಿಕಾ ತಾಯಿಯ ಬೆನ್ನ ಹಿಂದೆ ನಿಂತು ಆಚೀಚೆ ನೆಗೆಯುತ್ತ ದಾರಿ ತೋರಿಸುತ್ತಿದ್ದಳು. ತೆನೆಗೆ ಬೀಳುವ ಹಕ್ಕಿಗಳಿಗೆ ವರ್ಷಗಟ್ಟಲೆ ಕವಣೆ ಬೀಸಿದ ಗಾದ್ರಮ್ಮನ ಗುರಿಗೆ ಹೆಚ್ಚಿನ ಪಾಠವೇನೂ ಬೇಕಾಗಿರಲಿಲ್ಲ. ಮೊದಲು ಜಂಪಣ್ಣ ಔಟಾದರು. ಆಮೇಲೆ, ಹೊಸ ಟ್ರಿಗರ್ ಹೇಗೆ ನಡೆಯುತ್ತದೆಂದು ನೋಡಲು ಬಂದಿದ್ದ ತೌಸಿಫ್. ಆಮೇಲೆ, ಬರೀ ಸೀಟಿ ಊದುತ್ತ ನಿಂತಿದ್ದ ರವಿಕುಮಾರ್.

“ಎಡಕ್ಕೆ ನೋಡು ಅಮ್ಮ, ಟೈರಿನ ಸಂದೀಲಿ!”

“ಅಲ್ಲಿ ಅಳಿಯಂದ್ರು ಅದಾರಲ್ಲೇ!”

“ಇರ್ಲಿ, ಹೊಡಿ!”

ಗಾದ್ರಮ್ಮ ಮೊದಲು ತಲೆಯ ಮೇಲೆ ಸೆರಗೆಳೆದುಕೊಂಡರು. “ತಪ್ಪು ತಿಳಕಾಬ್ಯಾಡ್ರಿ” ಎಂದರು. ನೀಲಿ ಗುಂಡು ಭೀಮೇಶನ ಎದೆಗೆ ಬಂದು ಒಡೆಯಿತು. “ತಪ್ಪು ತಿಳಕಾಬ್ಯಾಡ್ರಿ” ಎಂದು ಮತ್ತೆ ಹೊಡೆದರು. ಟ್ರಿಗರ್ ಬಹಳ ಹಗುರವಾಗಿದ್ದರಿಂದ ಆಮೇಲಾಮೇಲೆ ಕ್ಷಮೆ ಕೇಳಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ.

ಅಂಬಿಕಾ ನಗುತ್ತಿದ್ದಳು. ಸೀರೆಯ ನೆರಿಗೆ ಜಾರಿ, ಮಲ್ಲಿಗೆ ಉದುರಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಲೆಯಿಂದ ಕಾಲಿನವರೆಗೆ ನೀಲಿಯಾಗಿದ್ದ ಭೀಮೇಶ ಅದನ್ನೇ ನೋಡುತ್ತ ನಿಂತು ಇನ್ನೂ ನಾಲ್ಕಾರು ಏಟು ತಿಂದ.

ಎಲ್ಲ ಮುಗಿದು ಮನೆಗೆ ಬಂದು ಅವನು ತೊಟ್ಟಿಯ ಬಳಿ ಕಿವಿಯೊಳಗಿನ ಬಣ್ಣ ತೊಳೆಯುತ್ತಿದ್ದಾಗ ಗಾದ್ರಮ್ಮ ಗೋವಿನಕೋವಿಗೆ ಫೋನು ಹಚ್ಚಿದ್ದರು. ಮಾವನವರಿಗೆ ಕಿವಿ ಮಂದ. ಹಾಗಾಗಿ ಮಾತು ಇಡೀ ಬೀದಿಗೆ ಕೇಳುತ್ತಿತ್ತು.

“ಹಲೋ! ನಾಳೆ ನಾನು ಬರಾಕಿಲ್ಲ! ಇನ್ನೂ ಒಂದು ತಿಂಗ್ಳು ಇರ್ತೀನಿ!... ಮೈಗೇನೂ ಆಗಿಲ್ಲ. ಅಳಿಯಂದ್ರು ನನಗೆ ಬಂದೂಕು ಕೊಡಿಸ್ಯಾರೆ... ಬಂದೂಕು!... ಯಾರಿಗೆ ಹೊಡೆದೆ ಅಂದ್ರಾ?”

ಗಾದ್ರಮ್ಮ ಅಳಿಯನ ಕಡೆ ತಿರುಗಿ ನೋಡಿ, ಸೆರಗು ಸರಿಮಾಡಿಕೊಂಡು, ತಮ್ಮ ಮಟ್ಟಿಗೆ ದನಿ ತಗ್ಗಿಸಿದರು.

“ಇನ್ಯಾರಿಗೆ, ಅವರಿಗೇ. ನೀವೂ ಬಂದುಬಿಡ್ರಿ. ಎಷ್ಟು ಹೊಡೆದ್ರೂ ಏನೂ ಅನ್ನಾಂಗಿಲ್ಲ, ಪಾಪ.”